‘ಕಾಲು ತೆಗೀರಿ’ ಅನ್ನುವ ನಿಯಮಕ್ಕೆ ಆಕ್ಷೇಪಣೆ ಬರೆಯುವುದು ಹೇಗೆ

ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೃತಕ ಕಾಲು ಕೂರಿಸುವುದು ನನ್ನ ಕೆಲಸ. ಅಳತೆ ತೆಗೆಯಬೇಕು, ಪ್ಲಾಸ್ಟರಿನಲ್ಲಿ ಅಚ್ಚು ಹಿಡಿಯಬೇಕು, ಉಳಿದ ಕಾಲು ಒಳಗೆ ಕೂರುವ ಸಾಕೆಟ್ ಮಾಡಬೇಕು, ಹಾಕಿಸಿ ನಡೆಸಿ ನೋಡಿ ಅಲೈನ್‌ಮೆಂಟ್ ಸರಿಮಾಡಬೇಕು. ಇದರ ಬೆನ್ನಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ವಿಮಾನದಲ್ಲಿ ಹೋಗುವವರು ಬಂದು, “ಸರ್, ಸೆಕ್ಯೂರಿಟಿಯವರಿಗೆ ತೋರಿಸೋಕೆ ಒಂದು ಲೆಟರ್ ಬರೆದುಕೊಡಿ” ಅನ್ನುತ್ತಾರೆ. ಹಾಗೆ ಬರೆಯುತ್ತಾ ಬರೆಯುತ್ತಾ, ಸರ್ಕಾರದ ಕರಡು ನಿಯಮಗಳಿಗೆ ಆಕ್ಷೇಪಣೆ ಬರೆಯುವುದನ್ನೂ ಕಲಿತೆ. ಈ ಕಲಿಕೆ ನನ್ನ ಹತ್ತಿರವೇ ಉಳಿಯಬಾರದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ತಪಾಸಣೆಯಲ್ಲಿ ನಡೆಯುವುದು ಇಷ್ಟು. ಲೋಹಶೋಧಕ ಚೌಕಟ್ಟು ದಾಟುವಾಗ ಬೀಪ್ ಆಗುತ್ತದೆ. ಆಗಲೇಬೇಕು, ಕಾಲಿನೊಳಗೆ ಅಲ್ಯುಮಿನಿಯಮ್ ಅಥವಾ ಟೈಟಾನಿಯಮ್ ಕೊಳವೆ ಇದೆ. ಆಮೇಲೆ ಕೈಯಲ್ಲಿ ಹಿಡಿಯುವ ಯಂತ್ರ ಆಡಿಸುತ್ತಾರೆ, ಕೈಯಿಂದ ಮುಟ್ಟಿ ನೋಡುತ್ತಾರೆ, ಮೀನಖಂಡ ಇರಬೇಕಾದ ಕಡೆ ಗಟ್ಟಿಯಾಗಿ ಏನೋ ಸಿಗುತ್ತದೆ. ಅಲ್ಲಿ ನಿಂತ ಸಿಬ್ಬಂದಿಗೆ ತರಬೇತಿ ಚೆನ್ನಾಗಿದ್ದರೆ ಮುಂದಿನದು ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ, “ತೆಗೀರಿ, ಎಕ್ಸ್‌ರೇಗೆ ಹಾಕಬೇಕು.”

ಹಾಸನದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಮಗಳ ಮನೆಗೆ ಹೋಗಿಬಂದು ನನಗೆ ಹೇಳಿದ ಮಾತು ಇದು: “ತೆಗೆಯೋದಕ್ಕೆ ನನಗೇನೂ ನಾಚಿಕೆ ಇಲ್ಲಪ್ಪ. ತೆಗೆದು ಕೊಟ್ಟ ಮೇಲೆ ನಾನು ಎಲ್ಲಿ ಕೂತ್ಕೊಳ್ಳಲಿ ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.” ಅಲ್ಲಿ ಕುರ್ಚಿ ಇರಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದರಂತೆ, ಟ್ರೇಯಲ್ಲಿ ಅವರ ಕಾಲು ಬೆಲ್ಟ್ ಮೇಲೆ ಸಾಗಿಹೋಗುತ್ತಿತ್ತು. ನಿಯಮ ಬರೆದವರು ಕಾಲನ್ನು ಯಂತ್ರದೊಳಗೆ ಕಳಿಸುವುದನ್ನು ಯೋಚಿಸಿದ್ದರು. ಕಾಲಿನ ಯಜಮಾನರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂದು ಯೋಚಿಸಿದವರು ಯಾರೂ ಇದ್ದಂತಿಲ್ಲ.

ಕಾಲು ತೆಗೆದು ಮತ್ತೆ ಹಾಕುವುದೆಂದರೆ ಚಪ್ಪಲಿ ಬಿಟ್ಟು ಮೆಟ್ಟಿಕೊಂಡಂತೆ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಮೊಣಕಾಲಿನ ಕೆಳಗೆ ಕಾಲು ಹೋದವರನ್ನೇ ತಗೊಳ್ಳಿ. ಮೊದಲು ಪ್ಯಾಂಟನ್ನು ತೊಡೆಯವರೆಗೆ ಏರಿಸಬೇಕು. ಸೀರೆಯಾದರೆ ಕೇಳುವುದೇ ಬೇಡ. ಪಕ್ಕದ ಗುಂಡಿ ಒತ್ತಿದರೆ ಲಾಕ್ ಬಿಡುತ್ತದೆ, ಸಾಕೆಟ್ ಕಳಚುತ್ತದೆ. ಒಳಗೆ ಚರ್ಮದ ಮೇಲೆ ಕಾಲುಚೀಲದ ಹಾಗೆ ಹಾಕುವ ಸಿಲಿಕೋನ್ ಲೈನರ್ ಬೆವರಿನಿಂದ ಒದ್ದೆಯಾಗಿರುತ್ತದೆ. ಅದನ್ನೂ ತೆಗೆಸಿದರೆ ಒರೆಸಿ, ಒಳಹೊರಗು ಮಾಡಿ, ತುದಿಯಲ್ಲಿ ಗಾಳಿ ಸಿಕ್ಕಿಕೊಳ್ಳದ ಹಾಗೆ ಮತ್ತೆ ಉರುಳಿಸಿ ಏರಿಸಬೇಕು. ತುದಿಯ ಪಿನ್ನು ಓರೆಯಾದರೆ ಲಾಕಿನೊಳಗೆ ಕೂರುವುದಿಲ್ಲ. ಇನ್ನೂ ಒಂದು ವಿಷಯ ನಮ್ಮ ಕಸುಬಿನ ಹೊರಗೆ ಬಹಳ ಜನರಿಗೆ ಗೊತ್ತಿಲ್ಲ: ಸಾಕೆಟ್ಟಿನ ಒತ್ತಡ ತಪ್ಪಿದ ಕೆಲವೇ ನಿಮಿಷಕ್ಕೆ ಉಳಿದ ಕಾಲು ಊದಿಕೊಳ್ಳಲು ಶುರುವಾಗುತ್ತದೆ. ಬೆಳಿಗ್ಗೆ ಹಿತವಾಗಿ ಕೂತಿದ್ದ ಸಾಕೆಟ್ಟು ಹತ್ತು ನಿಮಿಷ ಆದಮೇಲೆ ಬಿಗಿಯಾಗಬಹುದು. ಆ ಬಿಗಿಯಲ್ಲೇ ಗೇಟಿನ ತನಕ ನಡೆದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಆ ಹುಣ್ಣು ಮಾಯುವವರೆಗೆ ಕಾಲು ಹಾಕುವ ಹಾಗಿಲ್ಲ.

ಸೆಕ್ಯೂರಿಟಿಯವರ ಅನುಮಾನ ಸುಳ್ಳೆಂದು ನಾನು ಹೇಳುವುದಿಲ್ಲ. ನಾವು ಮಾಡುವ ಕಾಲಿನೊಳಗೆ ಟೊಳ್ಳು ಇರುತ್ತದೆ, ಮೇಲೆ ಫೋಮ್ ಹೊದಿಕೆ ಇರುತ್ತದೆ. ನೋಡದೆ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು, ತೆಗೆಸದೆ ನೋಡುವ ದಾರಿಯನ್ನು ಮೊದಲು ಬಳಸಿ ಎಂದು. ಸ್ಫೋಟಕದ ಕುರುಹು ಹುಡುಕುವ ಯಂತ್ರ ಇದೆ. ಸಣ್ಣ ಬಟ್ಟೆಯ ಪಟ್ಟಿಯನ್ನು ಸಾಕೆಟ್ಟಿನ ಮೇಲೆ, ಪಾದದ ಮೇಲೆ ಒರೆಸಿ ಅದಕ್ಕೆ ಕೊಟ್ಟರೆ ಕೆಲವು ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ. (ಗ್ಲಿಸರಿನ್ ಇರುವ ಕ್ರೀಮಿನಿಂದಲೂ ಅದು ತಪ್ಪು ಅಲಾರಾಂ ಕೊಡಬಹುದು. ಪ್ರಯಾಣದ ದಿನ ಅಂಥ ಕ್ರೀಮ್ ಹಚ್ಚಬೇಡಿ ಎಂದು ನಮ್ಮವರಿಗೆ ಹೇಳುತ್ತೇನೆ.) ಪೂರ್ತಿ ದೇಹ ನೋಡುವ ಮಿಲಿಮೀಟರ್ ತರಂಗದ ಸ್ಕ್ಯಾನರ್‌ಗಳನ್ನು ತರುವಂತೆ ವಿಮಾನಯಾನ ಭದ್ರತೆಯ ಸಂಸ್ಥೆ ಬಿಸಿಎಎಸ್ 2019ರಲ್ಲೇ ಸೂಚಿಸಿತ್ತು. ಆ ಸ್ಕ್ಯಾನರ್ ಬಟ್ಟೆಯ ಅಡಿಯಲ್ಲಿ ಏನಿದೆ ಎಂದು ತೋರಿಸುತ್ತದೆ, ಸಾಕೆಟ್ಟಿನ ಒಳಗಿರುವುದನ್ನು ತೋರಿಸುವುದಿಲ್ಲ. ಆದ್ದರಿಂದ ಸ್ಕ್ಯಾನರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಕ್ಯಾನರ್ ಗುರುತು ಹಾಕಿದ ಮೇಲೆ ಸಿಬ್ಬಂದಿ ಏನು ಮಾಡಬೇಕು ಎಂಬ ಸಾಲು ನಿಯಮದಲ್ಲಿ ಇರಬೇಕು.

2021ರ ಅಕ್ಟೋಬರಿನಲ್ಲಿ ನಟಿ, ನೃತ್ಯಗಾತಿ ಸುಧಾ ಚಂದ್ರನ್ ಪ್ರತಿ ಸಲ ಕಾಲು ತೆಗೆಸುತ್ತಾರೆ ಎಂದು ಪ್ರಧಾನಿಗೆ ವಿಡಿಯೋದಲ್ಲಿ ಮನವಿ ಮಾಡಿದ್ದು ನೆನಪಿರಬಹುದು. ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮಾಡುವ ಕೇಂದ್ರ ಪಡೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅಸಾಧಾರಣ ಸಂದರ್ಭದಲ್ಲಿ ಮಾತ್ರ ಕೃತಕ ಅಂಗ ತೆಗೆಸಬೇಕು ಎಂದೇ ತಮ್ಮ ಕ್ರಮ ಇದೆ ಎಂದೂ ಹೇಳಿತು. ಅಂದರೆ ಕಾಗದದಲ್ಲಿ ಇದ್ದದ್ದು ಕೌಂಟರಿನ ತನಕ ಇಳಿದಿರಲಿಲ್ಲ. ಪ್ರಸಿದ್ಧರಿಗೆ ಎರಡು ದಿನದಲ್ಲಿ ಉತ್ತರ ಸಿಕ್ಕಿತು, ನಮ್ಮಲ್ಲಿ ಬರುವ ಟೈಲರ್‌ಗೆ, ಬಸ್ ಕಂಡಕ್ಟರ್‌ಗೆ ಸಿಗುವುದಿಲ್ಲ. ಅವರಿಗೆ ಉಳಿಯುವ ಬಾಗಿಲು, ಕರಡು ನಿಯಮಕ್ಕೆ ಸರ್ಕಾರ ಜನರ ಅಭಿಪ್ರಾಯ ಕೇಳುವ, ಸಾಮಾನ್ಯವಾಗಿ ಮೂವತ್ತು ದಿನದ ಆ ಅವಧಿ.

ಆ ಬಾಗಿಲಿನ ಬೆಲೆ ನನಗೆ ಅರ್ಥವಾಗಿದ್ದು ಜೀಜಾ ಘೋಷ್ ಪ್ರಕರಣದಿಂದ. ಸೆರೆಬ್ರಲ್ ಪಾಲ್ಸಿ ಇರುವ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ್ದರು. ಸುಪ್ರೀಂ ಕೋರ್ಟು 2016ರಲ್ಲಿ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರು ಅಲ್ಲಿಗೆ ಬಿಡಲಿಲ್ಲ. ಅಂಗವಿಕಲರ ವಿಮಾನ ಪ್ರಯಾಣದ ಬಗ್ಗೆ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ 2021ರಲ್ಲಿ ಕರಡು ಪ್ರಕಟಿಸಿದಾಗ ಅದರ ಮೇಲೂ ಆಕ್ಷೇಪಣೆ ಎತ್ತಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೋರ್ಟು, ಒಪ್ಪಿಗೆ ಇಲ್ಲದೆ ವ್ಯಕ್ತಿಯನ್ನು ಎತ್ತಿ ಸಾಗಿಸುವುದು ಅಮಾನವೀಯ ಎಂದಿತು. ತಪಾಸಣೆಯಲ್ಲಿ ಕೃತಕ ಅಂಗ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ತೆಗೆಸಬಾರದು ಎಂಬ ಮಾತೂ ಅಲ್ಲಿ ಬಂತು, ಭದ್ರತೆಯ ಅಗತ್ಯವೂ ನಡೆಯಬೇಕು, ಘನತೆಯೂ ಉಳಿಯಬೇಕು ಎಂಬ ಮಾತಿನ ಜೊತೆಗೆ. ಒಬ್ಬರು ಕರಡನ್ನು ಕೂತು ಸಾಲು ಸಾಲಾಗಿ ಓದಿದ್ದರ ಫಲ ಅದು.

ಈಗ ಬರೆಯುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿಗೆ ಬರುವವರು ತಾವಾಗಿ ಬರೆದರೆ ಮೊದಲು ಬರುವ ಸಾಲು, “ನಮಗೆ ತುಂಬಾ ಅವಮಾನವಾಗುತ್ತಿದೆ, ದಯವಿಟ್ಟು ಗೌರವದಿಂದ ನಡೆಸಿಕೊಳ್ಳಿ.” ನೂರಕ್ಕೆ ನೂರು ನಿಜ. ಆದರೆ ನಿಯಮ ಬರೆಯುವ ಅಧಿಕಾರಿ ಅದನ್ನು ಓದಿ, ಗೌರವದಿಂದ ನಡೆಸಿಕೊಳ್ಳಬೇಕು ಎಂದು ಈಗಾಗಲೇ ಬರೆದಿದ್ದೇವಲ್ಲ ಎಂದು ಪಕ್ಕಕ್ಕಿಡುತ್ತಾರೆ. ಅವರಿಗೆ ನಿಯಮದೊಳಗೆ ಹಾಗೇ ಎತ್ತಿಡಬಹುದಾದ ಸಾಲು ಕೊಡಬೇಕು. ಶಿಕ್ಷಕಿಯ ಜೊತೆ ಕೂತು ನಾವು ಬರೆದದ್ದು ಹೀಗಿತ್ತು: “ಕೃತಕ ಕಾಲನ್ನು ಮೊದಲು ಸ್ಫೋಟಕ ಕುರುಹು ಯಂತ್ರದಿಂದ ಪರೀಕ್ಷಿಸಬೇಕು. ಅದರಲ್ಲಿ ಅಲಾರಾಂ ಬಂದರೆ ಮಾತ್ರ ತೆಗೆಯಲು ಕೇಳಬಹುದು. ಕೇಳುವ ಮೊದಲು ಪರದೆ ಇರುವ ಜಾಗ, ಕೈ ಇರುವ ಕುರ್ಚಿ ಕೊಡಬೇಕು. ಲೈನರ್ ತೆಗೆಸಬಾರದು. ತೆಗೆದ ಕಾಲು ಪ್ರಯಾಣಿಕರ ಕಣ್ಣಿಗೆ ಕಾಣುವ ಹಾಗೇ ಇರಬೇಕು. ಕಾರಣವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು.” ಕೆಳಗೆ, ಊತದ ವಿಷಯವನ್ನು ನಾನು ನನ್ನ ವೃತ್ತಿಯ ಹೆಸರಿನಲ್ಲಿ ಎರಡು ಸಾಲು ಸೇರಿಸಿದೆ. ಅಪಮಾನದ ಮಾತನ್ನು ಅವರು ಬಿಡಲು ಒಪ್ಪಲಿಲ್ಲ. ಬಿಡುವುದು ಬೇಡ ಎಂದು ನಾನೂ ಹೇಳಿದೆ. ಅದು ಕೊನೆಯಲ್ಲಿ, ಅವರದೇ ಮಾತಿನಲ್ಲಿ ನಿಂತಿತು.

ಕೈ ಇರುವ ಕುರ್ಚಿ ಎಂದು ಬಿಡಿಸಿ ಹೇಳಬೇಕಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳಲೇಬೇಕು. ಒಂದೇ ಕಾಲಿನಲ್ಲಿ ಸ್ಟೂಲಿನಿಂದ ಏಳುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತು, ದೆಹಲಿಯ ಮೇಜಿಗೆ ಗೊತ್ತಿರಬೇಕಿಲ್ಲ.

ಗಂಡಸರ ಪರದೆಯ ವಿಷಯ ಯಾರೂ ಎತ್ತುವುದಿಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಹೆಂಗಸರನ್ನು ಪರದೆಯೊಳಗೆ ಮಹಿಳಾ ಸಿಬ್ಬಂದಿ ತಪಾಸಣೆ ಮಾಡುತ್ತಾರೆ, ಅದು ಸರಿಯಾಗಿಯೇ ಇದೆ. ಗಂಡಸರದು ಬಯಲಲ್ಲೇ, ಸಾಲಿನ ಎದುರಿಗೇ. ಅಪಘಾತದಲ್ಲಿ ಕಾಲು ಕಳೆದುಕೊಂಡು ಇನ್ನೂ ಯಾರಿಗೂ ತೋರಿಸದ ಇಪ್ಪತ್ತರ ಹುಡುಗ ಅಲ್ಲಿ ಎಲ್ಲರೆದುರು ಪ್ಯಾಂಟ್ ಏರಿಸಿ ನಿಲ್ಲಬೇಕು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕು ಗಂಡಸಿನ ಕಾಲಿಗೂ ಇದೆ.

ಅಭಿಪ್ರಾಯ ಕೇಳುವುದು ಬರೀ ಶಾಸ್ತ್ರಕ್ಕಲ್ಲ ಎಂದು ಅಮೆರಿಕದ ಒಂದು ತೀರ್ಪು ಹೇಳಿದೆ. ಅಲ್ಲಿ ವಿಮಾನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟಿಎಸ್‌ಎ, ಬಟ್ಟೆಯ ಅಡಿಯ ಮೈಯನ್ನೇ ತೋರಿಸುವ ಸ್ಕ್ಯಾನರ್‌ಗಳನ್ನು ಜನರನ್ನು ಕೇಳದೆ ನಿಲ್ಲಿಸಿತ್ತು. ಕೇಳಲೇಬೇಕಿತ್ತು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2011ರ ಜುಲೈನಲ್ಲಿ ಹೇಳಿತು. 2013ರಲ್ಲಿ ಕೇಳಿದಾಗ 5,000ಕ್ಕೂ ಹೆಚ್ಚು ಅಭಿಪ್ರಾಯ ಬಂದವು. ಅಂತಿಮ ನಿಯಮ ಬಂದಿದ್ದು 2016ರಲ್ಲಿ. ಮೈಯ ಚಿತ್ರ ತೋರಿಸದೆ ಬರೀ ಗೊಂಬೆಯ ರೇಖೆ ತೋರಿಸಬೇಕು ಎಂದು ಅವರ ಸಂಸತ್ತು ಈ ನಡುವೆ ಕಾನೂನು ಮಾಡಿತ್ತು. ಹಾಗೆ ಮಾಡಲಾಗದ, ಎಕ್ಸ್‌ರೇ ಬಳಸುವ ಸ್ಕ್ಯಾನರ್‌ಗಳು 2013ರಲ್ಲೇ ಜಾಗ ಖಾಲಿ ಮಾಡಿದವು. ಮಷೀನು ಬಂದಾಯ್ತು, ಇನ್ನೇನು ಬರೆಯುವುದು ಎಂದು ಕೈಚೆಲ್ಲುವವರಿಗೆ ನಾನು ಇದನ್ನು ಹೇಳುತ್ತೇನೆ.

ಕೇಂದ್ರದ ಕರಡುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರುತ್ತವೆ. ನಮ್ಮಲ್ಲಿಗೆ ಬರುವ ಬಹಳ ಜನ ಅದನ್ನು ಓದಲಾರರು. ಅದಕ್ಕೇ ಈಗ ಹೊಸ ಕರಡು ಬಂದರೆ ಫಿಟ್ಟಿಂಗ್ ರೂಮಿನಲ್ಲಿ ಕನ್ನಡದಲ್ಲಿ ಓದಿ ಹೇಳುತ್ತೇವೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಅವರ ಹೆಸರಿನಲ್ಲೇ ಕಳಿಸುತ್ತೇವೆ. ನೀವು ಫಿಸಿಯೋಥೆರಪಿಸ್ಟ್ ಆಗಿರಬಹುದು, ಡಯಾಲಿಸಿಸ್ ಟೆಕ್ನಿಶಿಯನ್ ಆಗಿರಬಹುದು, ಮಲಮೂತ್ರ ಸಂಗ್ರಹಿಸಲು ಹೊಟ್ಟೆಯ ಮೇಲೆ ಅಂಟಿಸುವ ಸ್ಟೋಮಾ ಚೀಲ ಬಳಸುವವರನ್ನು ನೋಡಿಕೊಳ್ಳುವ ನರ್ಸ್ ಆಗಿರಬಹುದು. ತಪಾಸಣೆಯವರ ಕೈ ತಾಗಿದರೆ ಆ ಚೀಲಕ್ಕೆ ಏನಾಗುತ್ತದೆ ಎಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಮುಂದಿನ ಕರಡಿಗೆ ನಿಮ್ಮ ಎರಡು ಸಾಲು ಬೇಕು.