ಪಾಂಗ್‌ನಲ್ಲಿ ಚೌತಿ

7 ಸೆಪ್ಟೆಂಬರ್ 2024, ಶನಿವಾರ
ಪಾಂಗ್, ಲಡಾಖ್ (ಸುಮಾರು 4,600 ಮೀಟರ್)

ಇವತ್ತು ಗಣೇಶನ ಹಬ್ಬ. ಊರಲ್ಲಿ ಇಷ್ಟೊತ್ತಿಗೆ ಮಂಗಳಾರತಿ ಮುಗ್ದು ಅಮ್ಮ ಅಡುಗೆಮನೆ ಸಾರಿಸ್ತಾ ಇರ್ತಾರೆ, ನಾನು ಅಣ್ಣ ಇಲ್ಲಿ ಪ್ಯಾರಾಚೂಟ್ ಟೆಂಟೊಳಗೆ ಎರಡೆರಡು ರಜಾಯಿ ಹೊದ್ಕೊಂಡು ಕೂತಿದೀವಿ. ಫೋನ್ ಮಾಡೋಣ ಅಂದ್ರೆ ಇಬ್ಬರದ್ದೂ ಪ್ರೀಪೇಯ್ಡ್ ಸಿಮ್, ಹೊರ ರಾಜ್ಯದ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯಲ್ಲ. ಇದನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಟು ಲೇಹ್ ಸೇರಿದ್ಮೇಲೆ ಟೈಪ್ ಮಾಡಿ ಹಾಕ್ತೀನಿ.

ಸೈಕಲ್ ಮೇಲೆ ಲೇಹ್‌ಗೆ ಅಂತ ಮನಾಲಿ ಬಿಟ್ಟು ಒಂಬತ್ತನೇ ದಿನ. ರೋಹ್ತಾಂಗ್ ಪಾಸ್ ಹತ್ತಿ ಹೋದ್ರೆ ಲೇಹ್‌ಗೆ ಸುಮಾರು 475 ಕಿ.ಮೀ. ಕೆಳಗಡೆ ಅಟಲ್ ಸುರಂಗ ಆದ್ಮೇಲೆ ಗಾಡಿಗಳೆಲ್ಲ ಹೆಚ್ಚುಕಮ್ಮಿ ಆ ಕಡೆ ಹೋಗ್ತವೆ, ರೋಹ್ತಾಂಗ್ ರಸ್ತೆ ಸೈಕಲ್‌ನವರಿಗೆ ಎಷ್ಟೋ ಆರಾಮು. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ನಾವು ಸೈಕಲ್ ಹತ್ತಿದ ಮನಾಲಿ ಊರೇ ಅದಕ್ಕಿಂತ ಎತ್ತರ. ಇದನ್ನ ತೀರ್ಥಹಳ್ಳಿಯಲ್ಲಿ ಕೂತು ಓದಿದಾಗ ಖುಷಿ ಆಗಿತ್ತು, ಹೆದರಿಕೆ ಆಗಬೇಕಿತ್ತು ಅಂತ ಈಗ ಅನ್ಸತ್ತೆ.

ಮೊನ್ನೆದು ಮೊದ್ಲು ಬರೀಬೇಕು. 3ನೇ ತಾರೀಕು ಜಿಸ್ಪಾದಿಂದ ಹೊರಟು ದಾರ್ಚಾ, ಪತ್ಸಿಯೋ, ದೀಪಕ್ ತಾಲ್ (ತಾಲ್ ಅಂದ್ರೆ ಕೆರೆ) ಎಲ್ಲ ದಾಟಿ ಒಂದೇ ದಿನಕ್ಕೆ ಜಿಂಗ್‌ಜಿಂಗ್‌ಬಾರ್ ಮುಟ್ಟಿದ್ವಿ. ರಸ್ತೆ ಚೆನ್ನಾಗಿತ್ತು, ಕಾಲಲ್ಲಿ ಶಕ್ತಿನೂ ಇತ್ತು, ಹಾಗಾಗಿ ತಪ್ಪು ಅಂತ ಗೊತ್ತೇ ಆಗ್ಲಿಲ್ಲ. ಹಿಂದಿನ ರಾತ್ರಿ ಮಲಗಿದ್ದು 3,200ರಲ್ಲಿ, ಆ ರಾತ್ರಿ 4,200ರ ಮೇಲೆ. 3,000 ದಾಟಿದ್ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ಡಾಕ್ಟರ್ ಹೇಳಿದ್ದು ಇಬ್ಬರಿಗೂ ಬಾಯಿಪಾಠ ಇತ್ತು. ಪತ್ಸಿಯೋ ಹತ್ರ ಟೆಂಟ್ ಹಾಕಿದ್ರೆ ಸರಿಯಾಗಿ ಅರ್ಧ ದಾರಿ. ಮಧ್ಯಾಹ್ನ ಒಂದೂವರೆಗೇ ಅಲ್ಲಿದ್ವಿ, ಇನ್ನೂ ಬಿಸಿಲಿದೆಯಲ್ಲ ಅಂತ ಮುಂದೆ ಹೋದ್ವಿ.

ಅಣ್ಣಂಗೆ ಆ ರಾತ್ರಿನೇ ತಲೆನೋವು ಶುರುವಾಗಿತ್ತಂತೆ. ಹೇಳ್ಲಿಲ್ಲ. ಮಾರನೇ ದಿನ ಬಾರಾಲಾಚಾ ಲಾ (ಲಾ ಅಂದ್ರೆ ಬೆಟ್ಟ ದಾಟೋ ಪಾಸ್) ಹತ್ತಿ, ಸೂರಜ್ ತಾಲ್ ಹತ್ರ ನನ್ನ ಫೋಟೋನೂ ತೆಗೆದು, ಸರ್ಚುಗೆ ಇಳಿದ್ಮೇಲೆ ಸೈಕಲ್ ಒರಗಿಸಿ ಅಲ್ಲೇ ಕೂತು ವಾಂತಿ ಮಾಡ್ಕೊಂಡ. ರಕ್ತದ ಆಕ್ಸಿಜನ್ ಅಳೆಯೋ ಆಕ್ಸಿಮೀಟರ್ 74 ತೋರಿಸ್ತು, ನಂದು 83. ಹಿಮ್ಮಡಿಗೆ ಹೆಬ್ಬೆರಳು ತಾಗಿಸ್ಕೊಂಡು ನೇರ ಗೆರೆ ಮೇಲೆ ನಡಿ ಅಂದೆ. ಓಲಾಡದೆ ನಡೆದ. ಓಲಾಡಿದ್ರೆ ಮಿದುಳಲ್ಲಿ ನೀರು ತುಂಬ್ತಿದೆ ಅಂತ ಲೆಕ್ಕ, ಆಮೇಲೆ ಒಂದು ನಿಮಿಷನೂ ಕಾಯೋ ಹಾಗಿಲ್ಲ. ಅವನು ನಡೆದ ಆ ಹತ್ತು ಹೆಜ್ಜೆ ನೋಡ್ತಾ ನನ್ನ ಕೈ ನಡುಗ್ತಿತ್ತು.

ಈ ರಸ್ತೆಗೆ ಬರೋರು ಗಮನದಲ್ಲಿ ಇಟ್ಕೋಬೇಕಾದ ವಿಷಯ ಒಂದಿದೆ. ಎತ್ತರದ ಕಾಯಿಲೆಗೆ ಮದ್ದು ಕೆಳಗಿಳಿಯೋದು, ಆದರೆ ಸರ್ಚುವಿನಿಂದ ಕೆಳಗಿಳಿಯೋಕೆ ದಾರಿನೇ ಇಲ್ಲ. ವಾಪಸ್ ಹೋದ್ರೆ 4,850 ಮೀಟರಿನ ಬಾರಾಲಾಚಾ ಹತ್ತಬೇಕು, ಮುಂದೆ ಹೋದ್ರೆ ನಕೀ ಲಾ, ಲಾಚುಂಗ್ ಲಾ ಎರಡೂ ಹತ್ತಬೇಕು. ಪಾಂಗ್ ಕಥೆನೂ ಅದೇ, ಹಿಂದೆ ಲಾಚುಂಗ್ ಲಾ, ಮುಂದೆ ತಂಗ್ಲಾಂಗ್ ಲಾ. ಹಾಗಾಗಿ ಶರೀರ ಹೊಂದಿಸ್ಕೊಳ್ಳೋ ಕೆಲಸ ದಾರ್ಚಾ ದಾಟೋ ಮೊದಲೇ, ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ ಎರಡು ರಾತ್ರಿ ಜಾಸ್ತಿ ಕಳೆದು ಮುಗಿಸ್ಕೊಂಡು ಬನ್ನಿ. ನಾವು ಕೇಲಾಂಗ್‌ನಲ್ಲಿ ಒಂದೇ ರಾತ್ರಿ ಇದ್ವಿ.

5ನೇ ತಾರೀಕು ಪೂರ್ತಿ ಸರ್ಚುನಲ್ಲೇ. ಡಯಾಮಾಕ್ಸ್ (ಎತ್ತರದ ಕಾಯಿಲೆಗೆ ಕೊಡೋ ಮಾತ್ರೆ), ನೀರು, ಗಂಜಿ. ಸಂಜೆಯೊಳಗೆ ಕಮ್ಮಿ ಆಗದಿದ್ರೆ ಸೈಕಲ್ ಎರಡನ್ನೂ ಲಾರಿಗೆ ಹಾಕಿ ರಾತ್ರಿನೇ ಕೇಲಾಂಗ್‌ಗೆ ಅಂತ ಒಬ್ಬರು ಡ್ರೈವರ್ ಹತ್ರ ಮಾತಾಡಿ ಇಟ್ಟಿದ್ದೆ. ತಲೆನೋವು ಅಂತ ಯಾಕೋ ಹೇಳ್ಲಿಲ್ಲ ಅಂತ ಅಣ್ಣನ್ನ ಕೇಳಿದ್ರೆ "ನೀನು ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೆ ಮಾರಾಯ್ತಿ, ನನ್ನಿಂದ ಹಾಳಾಗೋದು ಬೇಡ ಅಂತ" ಅಂದ. ಸಿಟ್ಟೂ ಬಂತು ಅಳೂನೂ ಬಂತು. ಅಮ್ಮಂಗೆ ನಾನೇನು ಹೇಳಬೇಕಿತ್ತು ಅಂತ ಯೋಚನೆ ಮಾಡಿದೀಯಾ ಅಂದೆ. ಮಾತಾಡ್ಲಿಲ್ಲ. ಸಂಜೆ ಐದಕ್ಕೆ ಹಸಿವಾಗ್ತಿದೆ ಅಂದ. ಅಷ್ಟು ಒಳ್ಳೇ ಮಾತು ಇಡೀ ಟ್ರಿಪ್‌ನಲ್ಲಿ ಕೇಳಿರಲಿಲ್ಲ.

ನಿನ್ನೆ ಗೌರಿ ಹಬ್ಬ. ಆರಕ್ಕೇ ಹೊರಟ್ವಿ. ತ್ಸರಾಪ್ ನದಿ ಪಕ್ಕ ಇಪ್ಪತ್ತು ಚಿಲ್ಲರೆ ಕಿ.ಮೀ. ಹೆಚ್ಚುಕಮ್ಮಿ ಸಪಾಟು, ಆಮೇಲೆ ಗಟಾ ಲೂಪ್ಸ್, 21 ಹೇರ್‌ಪಿನ್ ತಿರುವು. ಪ್ರಾಕ್ಟೀಸಿಗೆ ನಾವು ಆಗುಂಬೆ ಘಾಟಿಯ 14 ತಿರುವನ್ನ ಎಷ್ಟು ಸಲ ಹತ್ತಿದೀವೋ ಲೆಕ್ಕ ಇಲ್ಲ, ಅಲ್ಲಿ ಕಾಡು, ಮಂಜು, ಮಂಗಗಳು, ಒದ್ದೆ ಮಣ್ಣಿನ ವಾಸನೆ. ಇಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಏರು ನೋಡಿದ್ರೆ ಆಗುಂಬೆಗಿಂತ ಸಲೀಸು, ಲಾರಿ ಹತ್ತೋಕೆ ಅಂತ ಮಾಡಿದ್ದಲ್ವಾ. ಉಸಿರೇ ಸಾಲಲ್ಲ ಅಷ್ಟೇ. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಇಲ್ಲೂ ಅದೇ, ಆದರೆ ಐದು ಸಾವಿರ ಮೀಟರಲ್ಲಿ ಗಾಳಿಯ ಒತ್ತಡನೇ ಸಮುದ್ರ ಮಟ್ಟದ್ದರಲ್ಲಿ ಅರ್ಧಕ್ಕೆ ಬಂದಿರತ್ತೆ. ಅತಿ ಹಗುರದ ಗೇರ್ ಹಾಕಿ ಗಂಟೆಗೆ ನಾಲ್ಕೈದು ಕಿ.ಮೀ., ಪ್ರತಿ ತಿರುವಲ್ಲೂ ನಿಂತು ಅಣ್ಣಂಗೆ ತಲೆ ಹೇಗಿದೆ ಅಂತ ಕೇಳೋದು, ಅವನು ನಿಜ ಹೇಳೋದು. ಸರಿ ಇಲ್ಲ ಅನ್ಸಿದ್ರೆ ಅಲ್ಲಿಂದಲೇ ತಿರುಗೋದು ಅಂತ ಬೆಳಿಗ್ಗೆನೇ ಒಪ್ಪಂದ ಆಗಿತ್ತು.

ಲೂಪ್ಸ್ ಮಧ್ಯೆ ಒಂದು ಪುಟ್ಟ ಗುಡಿ ಥರ ಇದೆ, ಸುತ್ತ ನೀರಿನ ಬಾಟಲಿ ರಾಶಿ. ಯಾವುದೋ ಕಾಲದಲ್ಲಿ ಚಳಿಗಾಲ ಶುರುವಾಗೋ ಹೊತ್ತಿಗೆ ಒಂದು ಲಾರಿ ಇಲ್ಲಿ ಕೆಟ್ಟು ನಿಂತು, ಡ್ರೈವರ್ ಸಹಾಯ ತರೋಕೆ ಹೋಗಿ, ಹಿಮ ಬಿದ್ದು ರಸ್ತೆ ಮುಚ್ಚಿ, ಕಾಯ್ತಾ ಕೂತಿದ್ದ ಕ್ಲೀನರ್ ಹುಡುಗ ಹಸಿವು ಬಾಯಾರಿಕೆಯಲ್ಲೇ ತೀರಿಕೊಂಡ ಅಂತ ಹೇಳ್ತಾರೆ. ಆಮೇಲೆ ದಾರಿಹೋಕರ ಹತ್ರ ನೀರು ಕೇಳ್ತಿದ್ದನಂತೆ, ಅದಕ್ಕೇ ಈಗ್ಲೂ ಡ್ರೈವರ್‌ಗಳು ನಿಲ್ಲಿಸಿ ನೀರಿಟ್ಟು ಹೋಗ್ತಾರೆ. ನಮ್ಮ ಹತ್ರ ಉಳಿದಿದ್ದು ಮೂರು ಲೀಟರು. ಅಣ್ಣ ಒಂದು ಬಾಟಲಿ ಪೂರ್ತಿ ಇಟ್ಟು ಕೈ ಮುಗಿದ. ನಾನು ಬೇಡ ಅನ್ನಲಿಲ್ಲ.

ನಕೀ ಲಾ ದಾಟಿ ವಿಸ್ಕಿ ನಾಲಾದಲ್ಲಿ ಮಲಗಿದ್ವಿ. ನಿದ್ದೆ ಬರ್ಲಿಲ್ಲ, ಆ ಎತ್ತರದಲ್ಲಿ ಯಾರಿಗೂ ಬರಲ್ವಂತೆ.

ಇವತ್ತು ಲಾಚುಂಗ್ ಲಾ, 5,059 ಮೀಟರ್. ಮೇಲೆ ಹತ್ತೋ ಜಾಗದಲ್ಲಿ ರಸ್ತೆ ಕೆಲಸ ನಡೀತಿತ್ತು. ಜಾರ್ಖಂಡ್‌ನ ದುಮ್ಕಾದಿಂದ ಬಂದವರು, ಮುಖಕ್ಕೆ ಬಟ್ಟೆ ಸುತ್ಕೊಂಡು ಡ್ರಮ್ಮಲ್ಲಿ ಡಾಂಬರು ಕಾಯಿಸ್ತಿದ್ರು. ನನಗೆ ಸೈಕಲ್ ತಳ್ಳೋಕೇ ಉಸಿರಿಲ್ಲ, ಅವರು ಅದೇ ಗಾಳಿಯಲ್ಲಿ ಇಡೀ ದಿನ ಜಲ್ಲಿ ಹೊರ್ತಾರೆ. ಅವರಲ್ಲಿ ಒಬ್ಬರು ಕಪ್ಪು ಚಹಾ ಕೊಟ್ಟು ಎಷ್ಟು ದೂರದಿಂದ ಬಂದಿದೀರಿ ಅಂತ ಕೇಳಿದ್ರು, ಕರ್ನಾಟಕ ಅಂದಾಗ ಅವರ ಊರಿನ ಹುಡುಗರು ಬೆಂಗಳೂರಲ್ಲಿ ಬಿಲ್ಡಿಂಗ್ ಕೆಲಸದಲ್ಲಿದಾರೆ ಅಂದ್ರು. ಈ ದಾರಿಯ ಫೋಟೋಗಳನ್ನ ವರ್ಷಗಟ್ಟಲೆ ನೋಡಿದೀನಿ, ಅದರಲ್ಲಿ ಇವರ ಮುಖ ಒಂದೂ ಇರಲಿಲ್ಲ. ಇನ್ನೂ ನಾಲ್ಕು ವಾರ ಕೆಲಸ ಇದೆಯಂತೆ.

ಅಲ್ಲಿಂದ ಪಾಂಗ್‌ವರೆಗೂ ಇಳಿಜಾರು, ಎರಡೂ ಕಡೆ ಗಾಳಿ ಕೊರೆದ ಬಂಡೆ ಕಂಬಗಳು. ಕಲ್ಲು, ಧೂಳು, ಕೈ ಜೋಮು ಹಿಡಿದು ಮೂರು ಸಲ ನಿಂತ್ವಿ. ಹಿಂದಿನ ಬ್ರೇಕ್ ಪ್ಯಾಡ್ ಪೂರ್ತಿ ಸವೆದಿದೆ, ರಾತ್ರಿನೇ ಬದಲಾಯಿಸಬೇಕು.

ಈ ಟೆಂಟ್ ನಡೆಸೋ ಅಚೆ-ಲೇ (ಇಲ್ಲಿ ಅಕ್ಕಂಗೆ ಹಾಗೇ ಅನ್ನೋದು) ಮಧ್ಯಾಹ್ನ ಮೋಮೋಗೆ ಹಿಟ್ಟು ನಾದ್ತಾ ಇದ್ರು. ಅಣ್ಣ ಬ್ಯಾಗಿಂದ ಕೊಬ್ಬರಿ ಬೆಲ್ಲದ ಪೊಟ್ಟಣ ತೆಗೆದ, ದಾರಿಯಲ್ಲಿ ಸುಸ್ತಾದಾಗ ತಿನ್ನೋಕೆ ಅಂತ ಅಮ್ಮ ಕಟ್ಟಿ ಕೊಟ್ಟಿದ್ದು, ಎಂಟು ದಿನದಿಂದ ಉಳಿಸಿಟ್ಟಿದ್ದಾನೆ. ಇವತ್ತು ನಮ್ಮ ಹಬ್ಬ, ಇದನ್ನ ಒಳಗೆ ತುಂಬಬಹುದಾ ಅಂತ ಕೇಳಿದ್ವಿ. ಅವರು ನಗ್ತಾ ಹಿಟ್ಟು ಕೊಟ್ರು. ಇಪ್ಪತ್ತೊಂದು ಆಗ್ಲಿಲ್ಲ, ಹದಿಮೂರಾಯ್ತು. ಇಲ್ಲಿ ನೀರು 85 ಡಿಗ್ರಿ ಹತ್ರನೇ ಕುದಿಯತ್ತೆ, ಬೇಯೋಕೆ ತುಂಬಾ ಹೊತ್ತು ಹಿಡೀತು. ಮೈದಾದ ಕಡುಬು ಅಂಟಂಟಾಗಿತ್ತು, ಆದರೆ ಕಚ್ಚಿದ ತಕ್ಷಣ ಒಳಗಿದ್ದದ್ದು ಅಮ್ಮನ ಏಲಕ್ಕಿ ವಾಸನೆ. ಅಚೆ-ಲೇ ಎರಡು ತಿಂದು ಇನ್ನೊಂದನ್ನ ಮಗಳಿಗೆ ಅಂತ ಎತ್ತಿಟ್ಟರು. ಅಣ್ಣ ಐದು ತಿಂದ, ಆಕ್ಸಿಮೀಟರ್ ಈಗ 82.

ಡಯಾಮಾಕ್ಸ್ ತಗೊಂಡ್ರೆ ಪದೇ ಪದೇ ಹೊರಗೆ ಹೋಗ್ಬೇಕು. ಏಳಕ್ಕೆ ಎದ್ದಾಗ ಅಣ್ಣ ರಜಾಯಿ ಒಳಗಿಂದಲೇ "ತಲೆ ತಗ್ಗಿಸ್ಕೊಂಡು ಹೋಗು, ಚೌತಿ ಚಂದ್ರ ಇದ್ದಾನೆ" ಅಂದ. ಟಾರ್ಚಿನ ಬೆಳಕಲ್ಲಿ ಬರೀ ಕಲ್ಲು ನೋಡ್ಕೊಂಡು ಹೋಗಿ ಬಂದೆ. ಈಗ ಒಂಬತ್ತಾಯ್ತು, ಚಂದ್ರ ಗುಡ್ಡದ ಹಿಂದೆ ಇಳಿದಾಗಿದೆ, ಅಣ್ಣನೂ ಶೂ ಹಾಕ್ಕೊಂಡ, ನಕ್ಷತ್ರ ನೋಡೋಕೆ ಇಬ್ಬರೂ ಹೋಗ್ತಿದೀವಿ.