ಹೆಸರು ಕೇಳಿ ಆಟಕ್ಕೆ ಬಿಟ್ಟ ದಿನ

ಹವ್ಯಾಸಿ ಫುಟ್‌ಬಾಲ್ ತಂಡವೊಂದರ ಫಿಸಿಯೋ ಆಗಿ ಸೇರಿದ ಮೊದಲ ವರ್ಷದಲ್ಲಿ ನಾನು ಮಾಡಿದ ತಪ್ಪೊಂದು ಇಂದಿಗೂ ನನ್ನ ಕೆಲಸದ ರೀತಿಯನ್ನು ನಿರ್ಧರಿಸುತ್ತಿದೆ. ಚೆಂಡಿಗಾಗಿ ಜಿಗಿದ ಇಬ್ಬರ ತಲೆಗಳು ಡಿಕ್ಕಿಯಾಗಿ ನಮ್ಮ ಆಟಗಾರ ನೆಲಕ್ಕೆ ಬಿದ್ದನಾದರೂ ಪ್ರಜ್ಞೆ ತಪ್ಪಿರಲಿಲ್ಲ; ನಾನು ಓಡಿ ಹೋಗುವಷ್ಟರಲ್ಲಿ ಎದ್ದು ನಿಂತಿದ್ದ. ಹೆಸರು ಕೇಳಿದೆ, ಹೇಳಿದ. ಬೆರಳುಗಳನ್ನು ಎಣಿಸೆಂದೆ, ಎಣಿಸಿದ. 'ನನಗೇನೂ ಆಗಿಲ್ಲ' ಎಂಬ ಅವನ ಮಾತನ್ನೇ ನಂಬಿ ಆಟಕ್ಕೆ ಬಿಟ್ಟೆ. ವಿರಾಮದಲ್ಲಿ ಗೋಲ್‌ಕೀಪರ್ ಬಂದು, ಇವನು ಎಷ್ಟು ಗೋಲಾಯಿತೆಂದು ಮೂರು ಬಾರಿ ಕೇಳಿದನೆಂದು ತಿಳಿಸಿದಾಗಲೇ ನನಗೆ ಎಚ್ಚರವಾದದ್ದು.

ಕನ್ಕಶನ್, ಅಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವ ಗಾಯ, ಆದವರಲ್ಲಿ ಬಹುಪಾಲು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆ ರಭಸವಾಗಿ ಅಲುಗಿದಾಗ ಕೆಡುವುದು ಮಿದುಳಿನ ಕೆಲಸವೇ ಹೊರತು ಸ್ಕ್ಯಾನಿನಲ್ಲಿ ಕಾಣುವ ರಚನೆಯಲ್ಲ. ಆದ್ದರಿಂದ ಸಿಟಿ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಕನ್ಕಶನ್ ಇಲ್ಲವೆಂದು ಅರ್ಥವಲ್ಲ. ಸ್ವಂತ ಹೆಸರು ಹಳೆಯ ನೆನಪು, ಅದು ಉಳಿದೇ ಇರುತ್ತದೆ. ಏರುಪೇರಾಗುವುದು ಈಗಷ್ಟೇ ನಡೆದದ್ದರ ನೆನಪು. ತಲೆಗೆ ಪೆಟ್ಟಾದ ಆಟಗಾರನಿಗೆ ಮೈದಾನದಲ್ಲೇ ಕೇಳುವ, 1995ರಲ್ಲಿ ಪ್ರಕಟವಾದ ಮ್ಯಾಡಾಕ್ಸ್ ಪ್ರಶ್ನೆಗಳು ಇದನ್ನೇ ಹಿಡಿಯುತ್ತವೆ: ನಾವೀಗ ಯಾವ ಮೈದಾನದಲ್ಲಿದ್ದೇವೆ, ಇದು ಯಾವ ಅರ್ಧ, ಕೊನೆಯ ಗೋಲು ಯಾರದು, ಹಿಂದಿನ ಪಂದ್ಯ ಯಾರ ವಿರುದ್ಧ, ಅದರಲ್ಲಿ ಗೆದ್ದೆವೇ. (ಉತ್ತರಗಳು ನನಗೂ ಗೊತ್ತಿರಬೇಕಾದ್ದರಿಂದ ಈಗ ಪಂದ್ಯದುದ್ದಕ್ಕೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.) ಆದರೆ ಎಲ್ಲಕ್ಕೂ ಸರಿಯುತ್ತರ ಬಂದರೂ ಸಂದೇಹ ಉಳಿದರೆ ಆಟಗಾರ ಅಂದು ಮೈದಾನಕ್ಕೆ ಮರಳುವುದಿಲ್ಲ, ಏಕೆಂದರೆ ಲಕ್ಷಣಗಳು ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳಬಹುದು.

ಕುತ್ತಿಗೆ ನೋವು, ಮತ್ತೆ ಮತ್ತೆ ವಾಂತಿ, ಎರಡೆರಡಾಗಿ ಕಾಣುವುದು, ಸೆಳವು, ಕೈಕಾಲು ಜೋಮು ಹಿಡಿಯುವುದು, ಹೆಚ್ಚುತ್ತಲೇ ಹೋಗುವ ತಲೆನೋವು ಅಥವಾ ಮಂಪರು ಕಂಡರೆ ನೇರವಾಗಿ ಆಸ್ಪತ್ರೆಗೆ ಕಳುಹಿಸಬೇಕು. ಉಳಿದವರನ್ನೂ ಮೊದಲ ಕೆಲವು ಗಂಟೆ ಒಂಟಿಯಾಗಿ ಬಿಡಬಾರದು, ವಾಹನ ಓಡಿಸಲು ಬಿಡಬಾರದು, ವೈದ್ಯರಿಗೆ ತೋರಿಸಬೇಕು.

ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ. 24ರಿಂದ 48 ಗಂಟೆಗಳ ಮಿತ ವಿಶ್ರಾಂತಿಯ ಬಳಿಕ ನಡಿಗೆ, ಹಗುರ ಓಟ, ಡಿಕ್ಕಿಯಿಲ್ಲದ ಅಭ್ಯಾಸ ಎಂದು ಹಂತ ಹಂತವಾಗಿ ಏರುತ್ತಾ, ವೈದ್ಯರ ಒಪ್ಪಿಗೆ ಪಡೆದ ನಂತರವೇ ಪೂರ್ಣ ಅಭ್ಯಾಸಕ್ಕೆ ಬರಬೇಕು. ಬ್ರಿಟನ್ನಿನ 2023ರ ಹವ್ಯಾಸಿ ಕ್ರೀಡಾ ಮಾರ್ಗಸೂಚಿಯಂತೆ 21 ದಿನಗಳಿಗೆ ಮೊದಲು ಪಂದ್ಯವಿಲ್ಲ. ನನ್ನ ಆಟಗಾರನಿಗೆ ಐದು ವಾರ ಹಿಡಿಯಿತು.

ಇದರಲ್ಲಿ ಕಷ್ಟದ್ದು ವೈದ್ಯಕೀಯ ಭಾಗವಲ್ಲ. ಹನ್ನೊಂದನೆಯವನಿಲ್ಲದೆ ತಂಡ ಆಡಬೇಕಾದಾಗ ಕೋಚ್, ಗೆಳೆಯರು, ಕೊನೆಗೆ ಗಾಯಗೊಂಡವನು ಕೂಡ ನನ್ನ ವಿರುದ್ಧ ನಿಲ್ಲುತ್ತಾರೆ. ಆದ್ದರಿಂದಲೇ ಋತುವಿನ ಮೊದಲ ದಿನವೇ, ಯಾರ ತಲೆಗೂ ಪೆಟ್ಟು ಬೀಳದಿರುವಾಗ, ಹೊರಗೆ ಕರೆಯುವ ನಿರ್ಧಾರ ನನ್ನದೆಂದು ಕೋಚ್ ಬಾಯಿಂದಲೇ ಎಲ್ಲರೆದುರು ಹೇಳಿಸುತ್ತೇನೆ.