ಆ ಎರಡು ರೂಪಾಯಿ ಕೊಟ್ಟೆಯಾ?

ನಮ್ಮ ಗಣಿತದ ಮಾಸ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಬೆಳಿಗ್ಗೆ ಆರೂವರೆಗೆ, ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ. ನಾನು ದೆಹಲಿಯ ಹೋಟೆಲೊಂದರಲ್ಲಿದ್ದೆ, ಹತ್ತು ಗಂಟೆಗೆ ಮೀಟಿಂಗು, ಬರಲು ಆಗಲಿಲ್ಲ. ಹದಿಮೂರನೇ ದಿನ ಮುಂಬಯಿಯ ಪರೇಲಿನ ಅವರ ಚಾಳಿಗೆ ಹೋದಾಗ ನಮ್ಮ ರಾತ್ರಿ ಶಾಲೆಯ ಹಳೇ ಹುಡುಗರು ಹನ್ನೊಂದು ಜನ ಸಿಕ್ಕಿದರು. ಹುಡುಗರು ಅಂದರೆ ಎಲ್ಲರಿಗೂ ಐವತ್ತು ದಾಟಿದೆ. ಅಲ್ಲೇ ಯಾರೋ ಹೇಳಿದರು, ಶಾಲೆಯ ಈ ಸಲದ ಸಂಚಿಕೆಗೆ ನೀನು ಬರಿ, ನೀನೇ ಅಲ್ವಾ ನಮ್ಮಲ್ಲಿ ದೊಡ್ಡ ಎಕನಾಮಿಸ್ಟ್ ಅಂತ. ಹೊಗಳಿದ ಮೇಲೆ ಬೇಡ ಅನ್ನುವ ಸ್ವಭಾವ ನನ್ನದಲ್ಲ, ಒಪ್ಪಿಕೊಂಡೆ.

ನಾನು ಕುಂದಾಪುರ ಕಡೆಯಿಂದ ಬೊಂಬಾಯಿಗೆ ಬಂದದ್ದು 1983ರಲ್ಲಿ, ಏಳನೇ ಕ್ಲಾಸು ಮುಗಿಸಿ, ಮಾವನ ಜೊತೆ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ನಮ್ಮ ಕಾಲಕ್ಕೆ ಬಸ್ಸೇ ಗತಿ. ಫೋರ್ಟಿನಲ್ಲಿ ಒಂದು ಕ್ಯಾಂಟೀನು, ದಲಾಲ್ ಸ್ಟ್ರೀಟಿನ ದಲ್ಲಾಳಿಗಳ ಆಫೀಸುಗಳಿಗೆ ಚಹಾ ಕೊಂಡೊಯ್ಯುವ ಕೆಲಸ. ಆಗ ಶೇರು ಬಜಾರಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಕೂಗಿಯೇ ವ್ಯಾಪಾರ. ಆ ಕೂಗಾಟ ಕೇಳಿ ಒಳಗೆ ದಿನಾ ಜಗಳ ಆಗುತ್ತದೆ ಅಂತ ತುಂಬಾ ದಿನ ತಿಳಿದಿದ್ದೆ. ಸಂಜೆ ಕೈಕಾಲು ತೊಳೆದು, ರಿಸರ್ವ್ ಬ್ಯಾಂಕಿನ ಎತ್ತರದ ಕಟ್ಟಡದ ಎದುರಿನಿಂದ ನಡೆದು ಶಾಲೆ. ಆರೂವರೆಯಿಂದ ಒಂಬತ್ತೂವರೆ. ಕೊನೇ ಪಿರಿಯಡ್ಡಿನಲ್ಲಿ ಅರ್ಧ ಕ್ಲಾಸು ನಿದ್ದೆ, ಇನ್ನರ್ಧಕ್ಕೆ ಈರುಳ್ಳಿ ವಾಸನೆ.

ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಏನಿತ್ತು ಅಂತ ಕೇಳಿದರೆ ಇವತ್ತು ಒಂದು ಪಾಠವೂ ನೆನಪಿಲ್ಲ. ಇಂಗ್ಲಿಷ್ ಟೀಚರ್ ನೆನಪಿದ್ದಾರೆ, ಅವರ ಛತ್ರಿ ನೆನಪಿದೆ. ಮಲಗಿದವನ ಕುತ್ತಿಗೆಗೆ ಆ ಒದ್ದೆ ಛತ್ರಿಯ ತುದಿ ಮುಟ್ಟಿಸಿ ಎಬ್ಬಿಸುತ್ತಿದ್ದರು. ಹತ್ತನೇ ಪಾಸಾದಾಗ ಬೆಳಗಿನ ಕಾಲೇಜಿನ ಫಾರ್ಮು ತಂದು ತುಂಬಿಸಿದ್ದೂ ಅವರೇ.

ಆದರೆ ನನ್ನನ್ನು ಹಿಡಿದವರು ಗಣಿತದ ಮಾಸ್ಟ್ರು. ಹಗಲು ಒಂದು ಆಫೀಸಿನಲ್ಲಿ ಗುಮಾಸ್ತಿಕೆ, ರಾತ್ರಿ ನಮಗೆ ಪಾಠ. ಜೇಬಿನಲ್ಲಿ ಯಾವಾಗಲೂ ನಾಣ್ಯಗಳ ಸದ್ದು, ಅದಕ್ಕೇ ನಾವು ಇಟ್ಟ ಹೆಸರು ಚಿಲ್ಲರೆ ಮಾಸ್ಟ್ರು. ಅವರಿಗೂ ಗೊತ್ತಿತ್ತು. ಕ್ಲಾಸಿಗೆ ಬರುವ ಮೊದಲು ಬೇಕಂತಲೇ ಜೇಬು ಕುಲುಕಿಸುತ್ತಿದ್ದರು ಅಂತ ನನಗೀಗ ಅನುಮಾನ.

ಒಂಬತ್ತನೇ ಕ್ಲಾಸಿನಲ್ಲಿ ನಾನೊಂದು ಬ್ಯಾಂಕ್ ಶುರು ಮಾಡಿದೆ. ಹುಡುಗರಿಗೆಲ್ಲ ಪಗಾರ ತಿಂಗಳಿಗೊಮ್ಮೆ, ಬಂದ ಮೊದಲ ವಾರವೇ ಊರಿಗೆ ಮನಿಯಾರ್ಡರು, ಇಪ್ಪತ್ತನೇ ತಾರೀಕಿಗೆ ಜೇಬು ಖಾಲಿ. ನನಗೆ ಮಾತ್ರ ದಲ್ಲಾಳಿಗಳ ಟಿಪ್ಸು, ದೀಪಾವಳಿ ಇನಾಮು ಸೇರಿ ಡಬ್ಬದಲ್ಲಿ ನೂರು ಚಿಲ್ಲರೆ ರೂಪಾಯಿ ಇತ್ತು. ಸಿನಿಮಾಕ್ಕೆ, ಚಪ್ಪಲಿಗೆ, ಇಸ್ಪೀಟಿನ ಸಾಲಕ್ಕೆ ಅಂತ ಕೇಳಿದವರಿಗೆ 10 ರೂಪಾಯಿ ಕೊಡುತ್ತಿದ್ದೆ, ಮುಂದಿನ ಶನಿವಾರ 12 ವಾಪಸ್. ಭೂಗೋಳದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ. ಒಂಬತ್ತು ಗಿರಾಕಿಗಳು. ವ್ಯವಹಾರ ಚೆನ್ನಾಗಿಯೇ ನಡೆದಿತ್ತು, ಒಬ್ಬ ಬಾಕಿದಾರ ಕೊಡದೆ ಸತಾಯಿಸಿದ ಅಂತ ಅವನ ಕಂಪಾಸ್ ಪೆಟ್ಟಿಗೆ ಕಸಿದುಕೊಳ್ಳುವ ತನಕ. ಪರೀಕ್ಷೆಯ ದಿನ ಅವನು ಅಳುತ್ತಾ ನಿಂತ. ಪುಸ್ತಕ ಮಾಸ್ಟ್ರ ಕೈಗೆ ಹೋಯಿತು.

ಹೊಡೆಯುತ್ತಾರೆ ಅಂತ ಕೈ ಚಾಚಿದೆ. ಅವರು ಕೈಗೆ ಸೀಮೆಸುಣ್ಣ ಇಟ್ಟರು.

"ಬರಿ. ಹತ್ತಕ್ಕೆ ಎರಡು. ನೂರಕ್ಕೆ?"

"ಇಪ್ಪತ್ತು ಸರ್."

"ಎಷ್ಟು ದಿನಕ್ಕೆ?"

"ಒಂದು ವಾರಕ್ಕೆ."

"ವರ್ಷಕ್ಕೆ ಎಷ್ಟು ವಾರ?"

52ರಿಂದ ಗುಣಿಸಿದೆ. ಬೋರ್ಡಿನ ಮೇಲೆ 1040 ಬಂತು. ವರ್ಷಕ್ಕೆ ಶೇಕಡಾ 1040. ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ, ನಿಜ ಹೇಳಬೇಕಂದರೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಮಾಸ್ಟ್ರು ಬೋರ್ಡನ್ನೇ ನೋಡುತ್ತಾ, "ಮಿಲ್ಲಿನ ಗೇಟಿನಲ್ಲಿ ಕೂರುವ ಸಾವುಕಾರನಿಗೂ ಇಷ್ಟು ಧೈರ್ಯ ಇಲ್ಲ ಮಾರಾಯ" ಅಂದರು. ಆಮೇಲೆ ಶಿಕ್ಷೆ. ತೆಗೆದುಕೊಂಡ ಬಡ್ಡಿಯನ್ನೆಲ್ಲ ಒಬ್ಬೊಬ್ಬರಿಗೆ ವಾಪಸ್ ಕೊಟ್ಟು, ಹೆಸರಿನ ಮುಂದೆ ಅವರವರ ಸಹಿ ಹಾಕಿಸಿಕೊಂಡು ಬರಬೇಕು.

ಎಂಟು ಸಹಿ ಬಂತು. ಒಂಬತ್ತನೆಯವನು ಬಿಜಾಪುರ ಕಡೆಯ ಹುಡುಗ. ಯಾವಾಗಲೂ ರೊಟ್ಟಿಯ ಸುದ್ದಿ ಹೇಳುತ್ತಿದ್ದ ಅಂತ ನಾವು ಕರಾವಳಿಯವರು ಅವನನ್ನು ಜೋಳ ಅಂತ ಕರೆಯುತ್ತಿದ್ದೆವು. ಅವನ ಅಪ್ಪ ಬಟ್ಟೆ ಮಿಲ್ಲಿನಲ್ಲಿದ್ದವರು. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು, ತುಂಬಾ ಜನಕ್ಕೆ ಮತ್ತೆ ಒಳಗೆ ಹೋಗಲು ಆಗಲೇ ಇಲ್ಲ. ಆ ಅಪ್ಪ ಮೂರು ವರ್ಷ ಕಾದು, ಖೋಲಿ ಬಿಟ್ಟು, ಸಂಸಾರ ಕಟ್ಟಿಕೊಂಡು ಊರಿಗೆ ಹೋಗಿಬಿಟ್ಟರು. ಜೋಳನಿಗೆ ಕೊಡಬೇಕಾದ ಬಡ್ಡಿ 2 ರೂಪಾಯಿ ನನ್ನ ಹತ್ತಿರ ಉಳಿಯಿತು.

ಮರುವಾರ ಮಾಸ್ಟ್ರು ಇನ್ನೊಂದು ಲೆಕ್ಕ ಮಾಡಿಸಿದರು. ಮೊದಲ ಬೆಂಚಿನವನಿಗೆ ಹನ್ನೆರಡು ಸೀಮೆಸುಣ್ಣದ ತುಂಡು ಸಾಲ ಕೊಟ್ಟರು. ತಿಂಗಳಿಗೆ ಒಂದು ವಾಪಸ್. ಬಡ್ಡಿ ಮಾತ್ರ ವರ್ಷಪೂರ್ತಿ ಹನ್ನೆರಡು ತುಂಡಿನ ಮೇಲೆ, ನೂರಕ್ಕೆ 12ರ ಲೆಕ್ಕ. ಅವನ ಕೈಲಿ ಮೊದಲ ತಿಂಗಳು 12, ಆಮೇಲೆ 11, ಆಮೇಲೆ 10, ಕೊನೆಗೆ ಒಂದು. ಎಲ್ಲ ಕೂಡಿಸಿದರೆ 78. ಹನ್ನೆರಡರಿಂದ ಭಾಗಿಸಿ, ಆರೂವರೆ. "ಇವನ ಕೈಲಿ ಸರಾಸರಿ ಇದ್ದದ್ದು ಆರೂವರೆ ತುಂಡು, ಬಡ್ಡಿ ಕಟ್ಟಿದ್ದು ಹನ್ನೆರಡಕ್ಕೆ. ಹಾಗಾದ್ರೆ ದರ 12 ಹೌದಾ?" ನಾವು ಭಾಗಿಸಿ ಭಾಗಿಸಿ 22ರ ಹತ್ತಿರ ಬಂದು ನಿಂತೆವು. ಒಂಬತ್ತೂವರೆಯ ಗಂಟೆ ಹೊಡೆದರೂ ಅವತ್ತು ಯಾರೂ ಏಳಲಿಲ್ಲ.

ಕಾಲಿನಾದ ಬೊಂಬಾಯಿ ಯುನಿವರ್ಸಿಟಿಯಲ್ಲಿ ಎಂಎ ಮುಗಿಸಿದೆ, ಒಳ್ಳೆಯ ನಂಬರುಗಳೇ ಬಂದವು. 1994ರಲ್ಲಿ ಮರಾಠವಾಡಕ್ಕೆ ಹೋದೆ. ಹಿಂದಿನ ವರ್ಷ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಕಿಲ್ಲಾರಿ ಸುತ್ತಲಿನ ಊರುಗಳು ನೆಲಸಮ ಆಗಿದ್ದವು, ಒಂದು ಸಂಸ್ಥೆಗೆ ಲೆಕ್ಕ ಗೊತ್ತಿರುವ ಹುಡುಗ ಬೇಕಿತ್ತು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತ್ತು, ಆ ಗಾಳಿ ಎಲ್ಲ ಕಡೆ ಬೀಸುತ್ತಿತ್ತು. ಅಲ್ಲಿ ಅದಕ್ಕೆ ಬಚತ್ ಗಟ್ ಅನ್ನುತ್ತಾರೆ. ಹೆಂಗಸರು ತಗಡಿನ ಶೆಡ್ಡಿನಲ್ಲಿ ಗುಂಪಾಗಿ ಕೂತು, ಪೆಟ್ಟಿಗೆಯ ದುಡ್ಡನ್ನು ಎಲ್ಲರೆದುರು ಎಣಿಸಿ, ನೂರಕ್ಕೆ ತಿಂಗಳಿಗೆ 2 ರೂಪಾಯಿಯ ಹಾಗೆ ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಳ್ಳುತ್ತಿದ್ದರು. ವರ್ಷಕ್ಕೆ 24. ಜಾಸ್ತಿ ಅಲ್ವಾ ಅಂತ ಕೇಳಿದೆ. ಉಳಿದಿರುವ ಬಾಕಿಗೆ ಮಾತ್ರ ತಾನೇ, ಬಡ್ಡಿ ಬರುವುದೂ ನಮ್ಮ ಪೆಟ್ಟಿಗೆಗೇ ತಾನೇ ಅಂದಳು ಒಬ್ಬ ಅಜ್ಜಿ. ಎಂಎ ಮಾಡಿದವನ ಬಾಯಿ ಬಂದ್. ರಜೆಯಲ್ಲಿ ಬಂದು ಮಾಸ್ಟ್ರಿಗೆ ಹೇಳಿದೆ. ಖುಷಿಯಿಂದ ತಲೆ ಆಡಿಸಿದರು. ಆಮೇಲೆ, "ಆ ಎರಡು ರೂಪಾಯಿ ಕೊಟ್ಟೆಯಾ?"

2000ದಲ್ಲಿ ಬ್ಯಾಂಕಿಗೆ ಸೇರಿದೆ. ಆದರ್ಶ ಬದಲಾಯಿತು ಅಂತೆಲ್ಲ ಹೇಳಲ್ಲ. ಮಗಳು ಹುಟ್ಟಿದ್ದಳು, ಡೊಂಬಿವಲಿಯಲ್ಲೂ ಬಾಡಿಗೆ ಏರಿತ್ತು, ಪಗಾರ ನಾಲ್ಕು ಪಟ್ಟು. ಸರ್ಕಾರಿ ಬಾಂಡುಗಳ, ಅಂದರೆ ಸರ್ಕಾರದ ಸಾಲಪತ್ರಗಳ, ವ್ಯಾಪಾರದ ಟೇಬಲ್ ಕೊಟ್ಟರು. ಬಡ್ಡಿ ದರ ಇಳಿದರೆ, ಹೆಚ್ಚು ಬಡ್ಡಿ ಕೊಡುವ ಹಳೇ ಬಾಂಡಿನ ಬೆಲೆ ಏರುತ್ತದೆ, ಇಷ್ಟೇ ಅದರ ಗುಟ್ಟು. ಹತ್ತು ವರ್ಷದ ಬಾಂಡಿನ ದರ 2000ದಲ್ಲಿ ಶೇಕಡಾ 10ರ ಮೇಲಿದ್ದದ್ದು 2003ರ ಹೊತ್ತಿಗೆ 5ರ ಹತ್ತಿರ ಬಂತು. ಸುಮ್ನೆ ಹಿಡಿದು ಕೂತವನೂ ಜಾಣ ಅನ್ನಿಸಿಕೊಂಡ ಕಾಲ. ನಾನು ಭಾರೀ ಜಾಣ ಅನ್ನಿಸಿಕೊಂಡೆ, ಬೋನಸ್ಸಿನಲ್ಲಿ ಕಾರು ತಗೊಂಡೆ. 2004ರಲ್ಲಿ ದರ ತಿರುಗಿ ಏರಿದಾಗ ಆ ಜಾಣತನ ಎಲ್ಲಿ ಹೋಯಿತೋ. ಹೊಸ ಕಾರಿನಲ್ಲಿ ಪರೇಲಿಗೆ ಹೋದದ್ದು ಮಾಸ್ಟ್ರಿಗೆ ತೋರಿಸಲಿಕ್ಕೇ. ಒಂದು ಸುತ್ತು ಕೂತು ಬಂದು, ಇಳಿಯುವಾಗ ಅದೇ ಪ್ರಶ್ನೆ.

ಎರಡನ್ನೂ ಸೇರಿಸೋಣ, ಹಳ್ಳಿಯೂ ಇರಲಿ ಫೈನಾನ್ಸೂ ಇರಲಿ ಅಂತ 2008ರಲ್ಲಿ ಬಡವರಿಗೆ ಸಣ್ಣ ಸಾಲ ಕೊಡುವ ಒಂದು ಮೈಕ್ರೋಫೈನಾನ್ಸ್ ಕಂಪನಿಗೆ ಹೋದೆ. ಹೆಸರು ಬೇಡ. ಮೊದಲ ದಿನವೇ ಗೋಡೆಯ ಮೇಲೆ ದೊಡ್ಡ ಬ್ಯಾನರ್ ಕಂಡಿತು, ಬಡ್ಡಿ ಬರೀ 12. ಕೆಳಗೆ ಸಣ್ಣ ಅಕ್ಷರದಲ್ಲಿ 'ಫ್ಲಾಟ್', ಅಂದರೆ ಸಾಲ ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಮೊತ್ತದ ಮೇಲೇ. ನನಗೆ ಆ ಸೀಮೆಸುಣ್ಣದ ತುಂಡುಗಳೇ ಕಣ್ಣಿಗೆ ಬಂದವು. ಮೀಟಿಂಗಿನಲ್ಲಿ 22 ಅಂತ ಬರೆಯೋಣ ಅಂದೆ. ಸರ್, ನೀವು ಎನ್‌ಜಿಒದಿಂದ ಬಂದವರು, ಮಾರ್ಕೆಟ್ ನಿಮಗೆ ತಿಳಿಯಲ್ಲ ಅಂದರು. ಬ್ಯಾಂಕಿನಲ್ಲಿದ್ದಾಗ ಇದೇ ಬಾಯಿಗಳು ನನಗೆ, ನೀವು ಮಾರ್ಕೆಟಿನವರು, ಬಡವರ ಕಷ್ಟ ಗೊತ್ತಾಗಲ್ಲ ಅಂದಿದ್ದವು. 2010ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಇಂಥ ಕಂಪನಿಗಳಿಗೆ ಮೂಗುದಾರ ಹಾಕುವ ಸುಗ್ರೀವಾಜ್ಞೆ ಬಂತು, ವಸೂಲಿ ನಿಂತಿತು, ಧಂಧೆಯೇ ಕುಸಿಯಿತು. ಮರುವರ್ಷ ರಿಸರ್ವ್ ಬ್ಯಾಂಕ್, ಇಂಥ ಸಾಲಗಳಿಗೆ ಬಡ್ಡಿ 26 ಮೀರಬಾರದು, ಅದೂ ಇಳಿಯುವ ಬಾಕಿಯ ಮೇಲೇ ಲೆಕ್ಕ ಹಾಕಬೇಕು ಅಂತ ನಿಯಮ ತಂದಿತು. ಅಷ್ಟರಲ್ಲಿ ನಾನು ಕೆಲಸ ಬಿಟ್ಟಾಗಿತ್ತು. ಪೇಪರ್ ಹಿಡಿದು ಮಾಸ್ಟ್ರ ಮನೆಗೆ ಓಡಿದೆ. ಕನ್ನಡಕ ಏರಿಸಿ ಎರಡು ಸಲ ಓದಿ, "ನಮ್ಮ ಒಂಬತ್ತನೇ ಕ್ಲಾಸಿನ ಲೆಕ್ಕ" ಅಂದರು.

ಈಗ ಎರಡೂ ಕಡೆಯವರು ನನ್ನನ್ನು ಕರೆಯುತ್ತಾರೆ, ವಿಮಾನದ ಟಿಕೆಟ್ ಕಳಿಸಿ ಕರೆಯುತ್ತಾರೆ. ನನ್ನ ಕೈಕೆಳಗೆ ಬರುವ ಹುಡುಗ ಹುಡುಗಿಯರು ನನಗಿಂತ ಚುರುಕು. ಆದರೆ ಮೊದಲ ವರ್ಷವೇ ನಾನು ಡೆವಲಪ್‌ಮೆಂಟ್, ನಾನು ಫೈನಾನ್ಸ್ ಅಂತ ಬೋರ್ಡು ಹಾಕಿಕೊಂಡಿರುತ್ತಾರೆ. ಎಕ್ಸೆಲ್ಲಿನಲ್ಲಿ ದರ ಕ್ಷಣದಲ್ಲಿ ಬರುತ್ತದೆ, ಇದು ಯಾರ ಕೈಲಿರುವ ಯಾವ ದುಡ್ಡಿನ ಮೇಲೆ ಅಂತ ಕೇಳಿದರೆ ಸ್ಕ್ರೀನು ನೋಡುತ್ತಾರೆ. ನಮ್ಮ ಶಾಲೆಯಲ್ಲೂ ಈಗ ಪ್ರೊಜೆಕ್ಟರ್ ಇದೆಯಂತೆ, ಒಳ್ಳೇದೇ. ಮಕ್ಕಳೇ ಕಮ್ಮಿ ಅಂತೆ. ಸೀಮೆಸುಣ್ಣ ಇದೆಯೋ ಇಲ್ಲವೋ ಕೇಳಬೇಕು.

ಹದಿಮೂರನೇ ದಿನ ಊಟ ಆದ ಮೇಲೆ ಆ ಹನ್ನೊಂದು ಜನರಿಗೂ ಕೇಳಿದೆ, ಜೋಳ ಎಲ್ಲಿದ್ದಾನೆ ಗೊತ್ತಾ? ಒಬ್ಬ ಸೊಲ್ಲಾಪುರದಲ್ಲಿ ನೋಡಿದೆ ಅಂದ, ಇನ್ನೊಬ್ಬ ಅದು ಅವನ ತಮ್ಮ ಅಂದ. ಕಂಪಾಸ್ ಪೆಟ್ಟಿಗೆಯವನು, ಈಗ ವಾಶಿಯಲ್ಲಿ ಎರಡು ಹೋಟೆಲಿನ ಮಾಲಿಕ, ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ದಪ್ಪ ಆಗಿದ್ದಾನೆ, 1040ರ ಲೆಕ್ಕದಲ್ಲಿ ಆ ಎರಡು ರೂಪಾಯಿ ಈಗ ಎಷ್ಟಾಗಿರಬಹುದು ಅಂತ ಫೋನಿನಲ್ಲಿ ಹಾಕಲು ಹೋದ, ಚಕ್ರಬಡ್ಡಿ ಹಾಕಿದ್ದಕ್ಕೆ ಸ್ಕ್ರೀನೇ ಸಾಲಲಿಲ್ಲ.

ಈ ಸಂಚಿಕೆ ಜೋಳನ ಕೈಗೋ, ಅವನನ್ನು ಬಲ್ಲವರ ಕೈಗೋ ಸಿಕ್ಕಿದರೆ ದಯವಿಟ್ಟು ಶಾಲೆಯ ಆಫೀಸಿಗೆ ತಿಳಿಸಿ. ಎಡ ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಸಹಿಗೆ ಜಾಗ ಇನ್ನೂ ಹಾಗೇ ಇದೆ.